ನೀಲಿ ರೀಲಿಗೆ ಹಲ್ಲಿನ ಗುರುತು

ಹರಿದ ಬಟ್ಟೆಗೆ ರಫು ಹಾಕುವುದರಲ್ಲಿ ಅಕ್ಕನನ್ನು ಮೀರಿಸುವವರಿರಲಿಲ್ಲ. ಅನುಮಾನ ಪಡುವುದರಲ್ಲಂತೂ ಇರಲೇ ಇಲ್ಲ. ಅವಳು ಊಟಕ್ಕೆ ಎದ್ದರೆ ಸಾಕು, ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವ ತಂಗಿ ದಾರದ ಪೆಟ್ಟಿಗೆಗೆ ಕೈ ಹಾಕುತ್ತಿದ್ದಳು. ಒಂದಲ್ಲ, ನಾಲ್ಕು ಸಲ ನೋಡಿದ್ದಾಯಿತು. ಕೇಳಿದರೆ “ಸುಮ್ನೆ” ಅನ್ನುತ್ತಾಳೆ. ಸುಮ್ಮಸುಮ್ಮನೆ ಯಾರಾದರೂ ದಾರ ಹುಡುಕುತ್ತಾರೆಯೇ? ಅದರ ಮೇಲೆ “ಅಕ್ಕ, ಒಂದ್ಸಲ ಕಣ್ಣು ತೋರಿಸ್ಕೊಂಡು ಬಾ” ಎಂಬ ರಾಗ ಬೇರೆ.

“ನನ್ನ ಕಣ್ಣಿಗೇನಾಗಿದೆ? ನೀನು ಮಣ್ಣೆರಚದಿದ್ರೆ ಸಾಕು,” ಎಂದಳು ಅಕ್ಕ. ಬಲ್ಬು ಮಂಕಾಗಿತ್ತು, ಅಷ್ಟೆ. ಎರಡು ಸಲ ಬದಲಾಯಿಸಿದರೂ ಮಂಕಾಗಿಯೇ ಇತ್ತು. ಬಲ್ಬು ಮಾರಿದವನೂ ಮೋಸಗಾರನೇ ಇರಬೇಕು.

ತಂಗಿ ದಾರ ಅದಲುಬದಲು ಮಾಡಿ, ತನ್ನ ಹೆಸರು ಕೆಡಿಸಿ, ಅಂಗಡಿಯನ್ನು ನುಂಗಿ ನೀರು ಕುಡಿಯಲು ಹೊಂಚು ಹಾಕಿದ್ದಾಳೆ ಎಂದು ಅವಳಿಗೆ ಖಾತ್ರಿಯಾಯಿತು. ಸಿಕ್ಕಿಬಿದ್ದ ದಿನವೇ ಹೊರಗೆ ಹಾಕುವುದೆಂದು ತೀರ್ಮಾನಿಸಿದಳು. ಒಂದು ಬೆಳಿಗ್ಗೆ ನೀಲಿ ದಾರದ ರೀಲಿನ ಅಂಚನ್ನು ಕಚ್ಚಿ ಗುರುತು ಮಾಡಿದಳು. ಅದರಿಂದಲೇ ಬಸ್ ಡ್ರೈವರನ ನೀಲಿ ಕೋಟಿಗೆ ರಫು ಹಾಕಿ, ಪೆಟ್ಟಿಗೆಗೆ ಬೀಗ ಜಡಿದು, ಕೋಟನ್ನು ತಾನೇ ಕೈಯಾರೆ ಕೊಟ್ಟು ಕಳಿಸಿದಳು.

ಮಾರನೆಯ ದಿನ ಡ್ರೈವರ್ ಕೋಟು ಹಿಡಿದು ಬಂದ. “ಏನಮ್ಮ ಇದು, ನೀಲಿ ಕೋಟಿಗೆ ಕಪ್ಪು ದಾರ?”

ಅಕ್ಕ ತಂಗಿಯನ್ನು ದುರುಗುಟ್ಟಿ ನೋಡಿದಳು. ಬೀಗ ತೆಗೆದು, ಹಲ್ಲಿನ ಗುರುತಿದ್ದ ರೀಲನ್ನು ಎತ್ತಿ ಹಿಡಿದಳು. “ನೋಡಿ, ನಾನು ಹಾಕಿದ್ದು ಈ ನೀಲಿ. ಕಪ್ಪು ಎಲ್ಲಿಂದ ಬಂತು ಅಂತ ಇವಳನ್ನ ಕೇಳಿ!”

“ಅದೇ ಕಪ್ಪಲ್ವಾ ಅಮ್ಮ?” ಎಂದ ಡ್ರೈವರ್.

ತಂಗಿ ತಲೆ ತಗ್ಗಿಸಿದಳು. ನಗಲಿಲ್ಲ. ಅದನ್ನು ಕಂಡು ಅಕ್ಕ ರೀಲನ್ನು ಬಾಗಿಲ ಬೆಳಕಿಗೆ ಒಯ್ದು ತಿರುಗಿಸಿ ತಿರುಗಿಸಿ ನೋಡಿದಳು.

ಆ ಮಧ್ಯಾಹ್ನವೇ ತಂಗಿ ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

“ಎರಡೂ ಕಣ್ಣಲ್ಲಿ ಪೊರೆ ಬಂದಿದೆ,” ಎಂದರು ಡಾಕ್ಟರು. “ಒಳಗಿನ ಮಸೂರ ಮಬ್ಬಾಗಿ ಹಳದಿಗಟ್ಟಿದೆ. ಅದಕ್ಕೇ ನೀಲಿ, ಕಪ್ಪು ಒಂದೇ ಥರ ಕಾಣೋದು. ಡ್ರಾಪ್ಸ್ ಹಾಕಿದ್ರೆ ಹೋಗಲ್ಲ. ಆಪರೇಷನ್ ಮಾಡಿ ಹೊಸ ಲೆನ್ಸ್ ಹಾಕ್ಬೇಕು. ವರ್ಷಕ್ಕೊಂದ್ಸಲ ತೋರಿಸಿದ್ರೆ ಮೊದಲೇ ಗೊತ್ತಾಗ್ತಿತ್ತು.”

“ಹೀಗೆ ಹೇಳಿ ಅಂತ ನನ್ನ ತಂಗಿ ಮೊದಲೇ ಬಂದು ಹೇಳಿದ್ಲಾ?”

“ಅವರನ್ನ ನಾನು ನೋಡ್ತಿರೋದೇ ಇವತ್ತು. ನಿಮ್ಮ ಪೊರೆಗೆ ಎರಡು ವರ್ಷವಾದ್ರೂ ಆಗಿರ್ಬೇಕು.”

ಎರಡು ವರ್ಷ! ಅಷ್ಟರಲ್ಲಿ ಎಷ್ಟು ನೀಲಿ ಬಟ್ಟೆ ಕೈದಾಟಿ ಹೋಗಿದ್ದವೋ. ಇಷ್ಟು ದಿನ ಒಬ್ಬರೂ ದೂರಲಿಲ್ಲವೇಕೆ? ಹೊರಗೆ ಬೆಂಚಿನ ಮೇಲೆ ಕೂತಿದ್ದ ತಂಗಿಯ ಮುಂದೆ ಬಂದು ನಿಂತಳು.

“ನಾನು ಹಾಕಿದ್ದನ್ನ ಬಿಚ್ಚಿ ನೀನು ಮತ್ತೆ ಹಾಕ್ತಿದ್ಯಾ?”

“ಹೂಂ. ನೀನು ಪೆಟ್ಟಿಗೆಗೆ ಬೀಗ ಹಾಕೋವರೆಗೂ.”

ಅಕ್ಕ ನಾಚಿಕೆಯಿಂದ ಪಕ್ಕದಲ್ಲಿ ಕುಸಿದು ಕೂತಳು. “ಬೈಯೇ ನನ್ನ. ಬಾಯಿಗೆ ಬಂದ ಹಾಗೆ ಬೈ.”

“ಬೈತೀನಿ. ಮೊದಲು ಆಪರೇಷನ್ ಆಗ್ಲಿ,” ಎಂದಳು ತಂಗಿ. “ಬೈಯೋವಾಗ ನನ್ನ ಮುಖ ನಿಂಗೆ ಸರಿಯಾಗಿ ಕಾಣ್ಬೇಕು.”