ಎರಡನೇ ಗೇಟಿನ ಗೂಟ

"ನಲವತ್ತೊಂದು ಜನ 'ಅತ್ಯುತ್ತಮ' ಅಂತ ಬರೆದಿದ್ದಾರೆ. ಇನ್ನೇನು ಬೇಕ್ರೀ ನಿಮಗೆ?" ತರಬೇತಿ ಮುಖ್ಯಸ್ಥ ಫಾರಂಗಳ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದ.

ಮೌಲ್ಯಮಾಪಕಿ ಒಂದೊಂದನ್ನೇ ತಿರುವಿದಳು. ಎಲ್ಲ ಒಂದೇ ಕೈಬರಹ, ಒಂದೇ ಹಸಿರು ಶಾಯಿ. ಅಣುಸ್ಥಾವರದ ಕಾವಲುಗಾರರಿಗೆ ಐದು ದಿನ ಕೊಟ್ಟ ತರಬೇತಿ ನಾಟಿದೆಯೋ ಇಲ್ಲವೋ ಎಂದು ಅಳೆಯುವುದು ಅವಳ ಕೆಲಸ. ಐದರಲ್ಲಿ ಮೂರು ದಿನ ಮುಖ್ಯಸ್ಥನ ಭಾಷಣ, ಅರ್ಧ ದಿನ ಗ್ರೂಪ್ ಫೋಟೊ. ಫೋಟೊದಲ್ಲಿ ಅವನು ಬಹುಮಾನ ಬಂದ ಹೋರಿಯ ಹಾಗೆ ನಡುವೆ ಕೂತಿದ್ದ.

"ನಲವತ್ತೆರಡನೆಯದು ಎಲ್ಲಿ ಸರ್?"

"ಎರಡನೇ ಗೇಟಿನ ಆ ಗೂಟದ್ದಾ? ಅದನ್ನ ನೀವೇ ತುಂಬಿ. ವರ್ತನೆಯಲ್ಲಿ ಫೇಲು."

ಫೇಲಾದವನ ಗುತ್ತಿಗೆ ಮುಂದುವರಿಯುವುದಿಲ್ಲ.

ಹಿಂದಿನ ದಿನ ಮುಖ್ಯಸ್ಥ ಪ್ರಮಾಣಪತ್ರ ಹಂಚಲು ಬಂದವನು ಕಾರ್ಡು ಮರೆತಿದ್ದ. ಮೊದಲ ಗೇಟಿನವರು ಸೆಲ್ಯೂಟ್ ಹೊಡೆದು ಒಳಗೆ ಬಿಟ್ಟರು. ಎರಡನೆಯದರಲ್ಲಿ, ಕದಲುವುದಿಲ್ಲವೆಂದು ಎಲ್ಲರೂ ಗೂಟ ಎನ್ನುವ ಕಾವಲುಗಾರ ಬಿಡಲಿಲ್ಲ. ಕಾರ್ಡು ಮನೆಯಿಂದ ಬರುವವರೆಗೆ ನಲವತ್ತು ನಿಮಿಷ ಮುಖ್ಯಸ್ಥ ಬಿಸಿಲಲ್ಲಿ ಬೆಂದ.

ಅವಳು ಗೂಟನನ್ನು ಕರೆಸಿದಳು.

"ಅವರು ಯಾರು ಅಂತ ಗೊತ್ತಿರಲಿಲ್ವಾ?"

"ಗೊತ್ತಿಲ್ದೆ ಏನು ಮೇಡಂ? ಐದು ದಿನ ಅದೇ ಮುಖ ನೋಡಿದೀನಲ್ಲ."

"ಮತ್ತೆ?"

"ಎರಡನೇ ದಿನ ಅವರೇ ಹೇಳಿದ್ರು. ಗುರುತಿನವರನ್ನೇ ಮೊದಲು ತಡೀರಿ, ನಿಮ್ಮಪ್ಪ ಬಂದ್ರೂ ಕಾರ್ಡ್ ಕೇಳಿ, ಒಬ್ಬರ ಕಾರ್ಡಲ್ಲಿ ಇನ್ನೊಬ್ಬರು ದಾಟೋ ಹಾಗಿಲ್ಲ ಅಂತ. ಬರ್ಕೊಂಡಿದೀನಿ, ತೋರಿಸ್ಲಾ?"

"ಮಿಕ್ಕವರೂ ಕೇಳಿಸ್ಕೊಂಡ್ರಲ್ಲ?"

"ಅವರು ಚಪ್ಪಾಳೆ ತಟ್ತಾ ಇದ್ರು."

ಅವಳು ನಕ್ಕಳು. ಅವನು ನಗಲಿಲ್ಲ. "ಹೆಂಡ್ತಿಗೆ ಏಳು ತಿಂಗಳು ಮೇಡಂ. ಈಗ ಕೆಲಸ ಹೋಗೋ ಹಾಗಿಲ್ಲ. ಇದ್ದದ್ದು ಇದ್ದ ಹಾಗೆ ಬರೀರಿ, ಸಾಕು."

ಬರೆಯುವವಳಿದ್ದಳು. ಅಷ್ಟರಲ್ಲಿ ಮುಖ್ಯಸ್ಥ ಹಲ್ಲಲ್ಲಿ ಕಡ್ಡಿ ಆಡಿಸುತ್ತ ಬಂದು ಎದುರಿಗೆ ಕೂತ. "ಮುಂದಿನ ವರ್ಷ ಇನ್ನೂ ಆರು ಸ್ಥಾವರ ಇದೆ. ಮೌಲ್ಯಮಾಪನಕ್ಕೆ ನಿಮ್ಮ ಹೆಸರೇ ಹೇಳೋಣ ಅಂತಿದೀನಿ. ಆ ಗೂಟದ್ದು ಮುಗೀತಾ?"

"ಮುಗೀತು ಸರ್," ಎಂದಳು. ಅವನ ಕಣ್ಣೆದುರೇ ವರ್ತನೆಗೆ ಹತ್ತಕ್ಕೆ ಎರಡು ಬರೆದಳು. ವರದಿಯಲ್ಲಿ ತರಬೇತಿಯ ಪರಿಣಾಮ ಶೇಕಡಾ ತೊಂಬತ್ತೆಂಟು ಎಂದಾಯಿತು. ಮುಖ್ಯಸ್ಥ ಓದಿ, "ನೂರು ಅಂತ ಹಾಕಿದ್ರೆ ಯಾರೂ ನಂಬಲ್ಲ. ಇದು ಚೆನ್ನಾಗಿದೆ," ಎಂದ.

ಸಂಜೆ ಅವಳು ಫಾರಂಗಳ ಕಟ್ಟನ್ನು ಅಪ್ಪಿಕೊಂಡು ಹೊರಟಾಗ ಗಾಜಿನ ಬಾಗಿಲ ಬಳಿ ಗೂಟ ಮುಂದಿದ್ದ. ಬೆಲ್ಟು, ಸೀಟಿ ಆಗಲೇ ಒಪ್ಪಿಸಿದ್ದ. ಕಾರ್ಡನ್ನು ಹೊರಗಿನ ಕಚೇರಿಯಲ್ಲಿ ಕೊಡಬೇಕಿತ್ತು. ಅವಳನ್ನು ನೋಡಿದ. ಯಾರು ಬರೆದದ್ದು ಎಂದು ಅವನಿಗೆ ಗೊತ್ತಿತ್ತು. ಬಾಗಿಲ ಪಕ್ಕದ ಯಂತ್ರಕ್ಕೆ ಕಾರ್ಡು ಉಜ್ಜಿದ. ಬಾಗಿಲು ತೆರೆಯಿತು. ಅವಳು ತಲೆ ತಗ್ಗಿಸಿ ಅವನ ಹಿಂದೆಯೇ ಹೆಜ್ಜೆ ಇಟ್ಟಳು.

ಅವನು ಹೊರಗೆ ದಾಟಿ, ತಿರುಗಿ, ಬಾಗಿಲನ್ನು ಎಳೆದು ಮುಚ್ಚಿದ. ಭದ್ರವಾಗಿದೆಯೇ ಎಂದು ಒಮ್ಮೆ ಜಗ್ಗಿ ನೋಡಿದ.

ಅವಳು ಕಟ್ಟನ್ನು ಗಲ್ಲದಿಂದ ಒತ್ತಿ ಹಿಡಿದು ಚೀಲದಲ್ಲಿ ಕಾರ್ಡು ತಡಕಾಡಿದಳು. ಎರಡು ಫಾರಂ ಜಾರಿ ನೆಲಕ್ಕೆ ಬಿದ್ದವು. ಗಾಜಿನಾಚೆ ಅವನು ಕೈ ಹಿಂದೆ ಕಟ್ಟಿಕೊಂಡು, ಬಾಗಿಲ ಮೇಲಿನ ಕೆಂಪು ದೀಪವನ್ನೇ ನೋಡುತ್ತ, ಅದು ಹಸಿರಾಗಲೆಂದು ಕಾಯುತ್ತಿದ್ದ.