ಕೆಂಪಪ್ಪನ ಹೇಳಿಕೆ

ಸೊರಬದ ತಾಲ್ಲೂಕು ಕಚೇರಿಯ ಒಂಬತ್ತು ಕಂಪ್ಯೂಟರುಗಳಲ್ಲೂ ಹಳೆಯ ಸಿಸ್ಟಂ ಅಳಿಸಿ ಲಿನಕ್ಸ್ ಎಂಬ ಪುಕ್ಕಟೆ ಸಿಸ್ಟಂ ಹಾಕಬೇಕೆಂದು ಮೇಲಿನಿಂದ ಆದೇಶ ಬಂತು. ಲೈಸೆನ್ಸಿನ ಖರ್ಚು ಉಳಿಯುತ್ತದಂತೆ. ಉಳಿಯಲಿ, ಬೇಡವೆಂದವರು ಯಾರು? ಆ ಕೆಲಸಕ್ಕೆ ಶಿಕಾರಿಪುರದಿಂದ ಬಂದ ಕೊಟ್ರೇಶ್ ಮೇಜು ಮೇಜಿಗೂ ಹೋಗಿ ಕೇಳಿದ್ದು ಒಂದೇ ಮಾತು: "ನಿಮ್ಮ ಫೈಲೆಲ್ಲ ಕಾಪಿ ಮಾಡ್ಕೊಂಡೀರೇನ್ರೀ? ಆಮೇಲೆ ಸಿಗಂಗಿಲ್ಲ ಮತ್ತೆ."

ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲೆ ಟೈಪು ಮಾಡುತ್ತಿದ್ದ ನಾಹಿದಾ ಪೆನ್‌ಡ್ರೈವ್ ತೋರಿಸಿ ತಲೆಯಾಡಿಸಿದಳು. ಪರದೆಯ ಮೇಲಿದ್ದ, ಒತ್ತಿದರೆ ಫೈಲು ತೆರೆಯುವ ಪುಟ್ಟ ಚಿತ್ರಗಳನ್ನೆಲ್ಲ ಒಟ್ಟಿಗೆ ಎಳೆದು ಅದರೊಳಗೆ ಹಾಕಿಕೊಂಡಿದ್ದಳು. ಆ ಕಚೇರಿಯಲ್ಲಿ ಫೈಲೆಂದರೆ ಪರದೆಯ ಮೇಲೆ ಕಾಣುವ ಚಿತ್ರ; ನಿಜವಾದ ಫೈಲು ಒಳಗೆಲ್ಲಿ ಕೂತಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೂರನೆಯ ದಿನ ಜಡೆ ಊರಿನ ತಿಮ್ಮಮ್ಮ ಒಂದು ಹೇಳಿಕೆಯ ನಕಲು ಕೇಳಿಕೊಂಡು ಬಂದಳು. ನಲವತ್ತು ವರ್ಷದಿಂದ ಅವಳು ಉಳುತ್ತಿದ್ದ ಸರ್ಕಾರಿ ಜಮೀನನ್ನು ಅವಳ ಹೆಸರಿಗೆ ಮಾಡುವ ಬಗರ್ ಹುಕುಂ ಅರ್ಜಿಯ ವಿಚಾರಣೆ ಸೋಮವಾರವಿತ್ತು. ಉಳುವವಳು ಇವಳೇ ಎಂದು ಪಕ್ಕದ ಹೊಲದ ಕೆಂಪಪ್ಪ ಹಿಂದೆ ಇದೇ ಕಚೇರಿಯಲ್ಲಿ ಹೇಳಿಕೆ ಕೊಟ್ಟಿದ್ದ. ಈಗ ಕೆಂಪಪ್ಪ ಬದುಕಿಲ್ಲ. ಹೇಳಿಕೆಗಳ ಪುಸ್ತಕಕ್ಕೆ ಗೆದ್ದಲು ಹತ್ತಿದಾಗ ನಾಹಿದಾ ಅಷ್ಟನ್ನೂ ಟೈಪು ಮಾಡಿದ್ದಳು, ಪುಸ್ತಕವನ್ನು ಸುಟ್ಟುಬಿಟ್ಟಿದ್ದರು.

ಪೆನ್‌ಡ್ರೈವಿನ ಯಾವ ಚಿತ್ರ ಒತ್ತಿದರೂ ಏನೂ ತೆರೆಯಲಿಲ್ಲ. ಕೊಟ್ರೇಶ್ ಬಗ್ಗಿ ನೋಡಿದ. "ಇವು ಬರೀ ಶಾರ್ಟ್‌ಕಟ್ ರೀ ಮೇಡಂ. ದಾರಿ ತೋರ್ಸೋ ಬೋರ್ಡು ತಂದೀರಿ, ಊರು ಅಲ್ಲೇ ಬಿಟ್ಟೀರಿ. ಆ ಊರನ್ನ ನಾನೇ ಅಳಿಸೀನಿ."

ಕಚೇರಿಯ ಸಾಹೇಬರಾದ ಮಹೇಶ್ವರಪ್ಪ ನಾಹಿದಾಳ ಹತ್ತಿರ ಬಂದು ಮೆಲ್ಲನೆ ಹೇಳಿದರು: "ಹೊಸ ಸಿಸ್ಟಂ ತಿಂದ್‌ಹಾಕ್ತು ಅಂದ್ಬಿಡಮ್ಮ. ಮುಂದಿನ ತಿಂಗ್ಳು ನಿನ್ ಗುತ್ತಿಗೆ ರಿನ್ಯೂ ಆಗ್ಬೇಕಲ್ಲ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾಹಿದಾ ಕೂಡ ತಿಮ್ಮಮ್ಮನಿಗೆ ಅದನ್ನೇ ಅಂದಳು, ಅಳುತ್ತಾ ಅಂದಳು.

"ಅಯ್ಯೋ, ನೀ ಯಾಕೆ ಅಳ್ತೀಯೇ ಮಗಾ? ಮಿಷನ್ ಕೆಟ್ರೆ ನಿಂದೇನು ತಪ್ಪು?" ಎಂದು ತಿಮ್ಮಮ್ಮ ಅವಳ ಕೈ ಹಿಡಿದಳು. ಇದಕ್ಕಿಂತ ನಾಲ್ಕು ಮಾತು ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ನಾಹಿದಾಳಿಗೆ.

"ಕಾಗ್ದ ಹೋದ್ರೆ ಹೋಗ್ಲಿ," ಅಂದಳು ತಿಮ್ಮಮ್ಮ. "ಟೈಪ್ ಮಾಡ್ದೋಳು ನೀನೇ ಅಲ್ವಾ? ಕೆಂಪಪ್ಪ ನನ್ ಹೊಲದ್ ಬಗ್ಗೆ ಏನೇನ್ ಹೇಳಿದ್ದ ಅಂತ ಸೋಮವಾರ ನೀನೇ ಬಂದು ಹೇಳ್ಬಿಡು. ನಂಗಷ್ಟು ಸಾಕು."

ನಾಹಿದಾ ನೆನಪಿಸಿಕೊಳ್ಳಲು ನೋಡಿದಳು. ನಾನೂರು ಹೇಳಿಕೆಗಳನ್ನು ಟೈಪು ಮಾಡಿದ್ದಳು, ಒಂದನ್ನೂ ಓದಿರಲಿಲ್ಲ.