ನೆಟ್ಟಗಾದ ಬಾಯಿ

ಮಗಳು ಹುಟ್ಟುವ ಮೊದಲೇ ಲಕ್ವ ಹೊಡೆದು ನಮ್ಮತ್ತೆಯ ಬಾಯಿ ಎಡಕ್ಕೆ ಸೊಟ್ಟಗಾಗಿತ್ತು. ಅವಳು ಕಂಡಿರುವ ಅಜ್ಜಿ ಅದೇ ಬಾಯಿಯ ಅಜ್ಜಿ, ಅವಳಿಗೆ ಅದು ಸೊಟ್ಟ ಅಂತಲೇ ಅನ್ನಿಸಿಲ್ಲ.

ಈ ವರ್ಷ ಶಾಲೆಗೆ ಟ್ಯಾಬ್‌ಗಳು ಬಂದವು. ಇನ್ನು ಮಕ್ಕಳ ಸೃಜನಶೀಲತೆ ಅರಳುತ್ತದೆ ಎಂದು ಹೆಡ್‌ಮಿಸ್ ಪೋಷಕರ ಸಭೆಯಲ್ಲಿ ಕೊರೆದದ್ದೇ ಕೊರೆದದ್ದು.

ಮಕ್ಕಳು ಟ್ಯಾಬ್‌ನಲ್ಲಿ ಬರೆದ ಚಿತ್ರಗಳ ಪ್ರದರ್ಶನಕ್ಕೆ ಅತ್ತೆಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋದೆ. ದೊಡ್ಡ ಪರದೆಯ ಮೇಲೆ ಮಗಳು ಬರೆದ ‘ನನ್ನ ಅಜ್ಜಿ’ ಮೂಡಿತು. ಬಾಯಿ ಸ್ಕೇಲಿಟ್ಟು ಎಳೆದ ಹಾಗೆ ನೆಟ್ಟಗಿತ್ತು. ಮಗಳು ಮುಖ ಊದಿಸಿಕೊಂಡು ನಿಂತಿದ್ದಳು.

“ನಾನು ಅಜ್ಜಿ ಥರಾನೇ ಬರೆದೆ ಕಣಮ್ಮಾ. ಬೆರಳು ತೆಗೆದ ತಕ್ಷಣ ಟ್ಯಾಬೇ ನೆಟ್ಟಗೆ ಮಾಡ್ಬಿಡುತ್ತೆ.”

“ಅದನ್ನ ಆಫ್ ಮಾಡೋಕಾಗಲ್ವಾ?” ಎಂದು ಡ್ರಾಯಿಂಗ್ ಮಿಸ್ಸನ್ನು ಕೇಳಿದೆ.

“ಆಗುತ್ತೆ. ಆದ್ರೆ ಮಕ್ಕಳು ಗೀಚಿದ್ದೆಲ್ಲ ಹಾಗ್‌ಹಾಗೇ ಬರುತ್ತಲ್ಲ, ನೋಡೋಕೆ ಬಂದೋರು ಏನಂದ್ಕೋತಾರೆ? ಈಗ ನೋಡಿ, ಎಷ್ಟು ಲಕ್ಷಣವಾಗಿದೆ!”

ಮೈಯೆಲ್ಲ ಉರಿದುಹೋಯಿತು. ತಿರುಗಿ ನಾಲ್ಕು ಮಾತು ಅನ್ನುವಷ್ಟರಲ್ಲಿ, ಪರದೆಯನ್ನೇ ನೋಡುತ್ತಿದ್ದ ಅತ್ತೆ ಕೈಯೆತ್ತಿ ತಮ್ಮ ಬಾಯಿ ಮುಚ್ಚಿಕೊಂಡರು.

ಮೊಮ್ಮಗಳ ಎದುರು ಅವರು ಯಾವತ್ತೂ ಹಾಗೆ ಮಾಡಿದವರಲ್ಲ.